ಕೆಟಗರಿ ಎಂದರೆ ಯಾವ ಕೆಟಗರಿ?



'ವರ್ಗ' ಎಂಬ ಪದವನ್ನು ಕೇಳಿದೊಡನೆ ನಿಮ್ಮ ಮನಸ್ಸಿಗೆ ಏನು ಬರುತ್ತದೆ? ಗಣಿತದ ಅವಧಿಯಾದರೆ 7ರ ವರ್ಗ 49 ಎನ್ನುತ್ತೀರಿ. ಕನ್ನಡ ವ್ಯಾಕರಣದ ಅವಧಿಯಾದರೆ ಕ-ವರ್ಗ, ಚ-ವರ್ಗ ಎಂದು ವರ್ಗೀಯ ವ್ಯಂಜನಗಳನ್ನು ಒಪ್ಪಿಸುತ್ತೀರಿ. ಮನೆಯಲ್ಲಿ ಯಾರಾದರೂ ಸರ್ಕಾರಿ ನೌಕರಿಯಲ್ಲಿದ್ದರೆ 'ವರ್ಗ ಆಯಿತು' ಎಂಬ ಮಾತಿಗೆ ಸಾಮಾನು ಕಟ್ಟಬೇಕು ಎಂದೇ ಅರ್ಥ. ಸಮಾಜಶಾಸ್ತ್ರದ ಪುಸ್ತಕದಲ್ಲಿ ಅದೇ ಪದ ಮಧ್ಯಮ ವರ್ಗ, ಶ್ರಮಿಕ ವರ್ಗ ಎಂದು ಬರುತ್ತದೆ. ಪದ ಒಂದೇ, ಅರ್ಥ ನಾಲ್ಕು. ಆದರೂ ನಮಗೆ ಗೊಂದಲವಾಗುವುದಿಲ್ಲ. ಮಾತು ಎಲ್ಲಿ ನಡೆಯುತ್ತಿದೆ ಎಂಬುದು ನಮಗೆ ಗೊತ್ತಿರುತ್ತದೆ.

ಗಣಿತ ಮಾಡುವ ಗಣಕ ತಂತ್ರಾಂಶಗಳಲ್ಲಿ 'ಕೆಟಗರಿ' ಎಂಬ ಪದಕ್ಕೆ ಇಂಥದೇ ಸ್ಥಿತಿ ಬಂದಿದೆ. ಆಕ್ಸಿಯಮ್, ಮ್ಯಾಗ್ಮಾ, ಗ್ಯಾಪ್, ಸೇಜ್ ಎಂಬ ನಾಲ್ಕು ತಂತ್ರಾಂಶಗಳನ್ನು ತೆಗೆದುಕೊಳ್ಳಿ. ನಾಲ್ಕರಲ್ಲೂ ಕೆಟಗರಿ ಎಂಬುದು ಇದೆ; ಯಾವ ಎರಡರಲ್ಲೂ ಅದರ ಅರ್ಥ ಪೂರ್ತಿ ಒಂದೇ ಅಲ್ಲ. ಇವುಗಳ ಆಚೆಗೆ ಕೆಟಗರಿ ಸಿದ್ಧಾಂತ ಎಂಬ ಗಣಿತದ ದೊಡ್ಡ ಶಾಖೆಯೇ ಇದೆ. ಅಲ್ಲಿ ಅರ್ಥ ಮತ್ತೂ ಬೇರೆ. ಒಂದು ಕಡೆಯ ಅರ್ಥವನ್ನು ಇನ್ನೊಂದು ಕಡೆಗೆ ಹೊತ್ತುಕೊಂಡು ಹೋದರೆ ಹೋಗುವುದು ಪರೀಕ್ಷೆಯ ಒಂದೆರಡು ಅಂಕ ಮಾತ್ರವಲ್ಲ. ಗಣಕ ಕೊಟ್ಟ ತಪ್ಪು ಉತ್ತರವನ್ನೇ ಸರಿಯೆಂದು ನಂಬುವ ಅಪಾಯವಿದೆ. ಅದು ಹೇಗೆಂದು ಈ ಪುಟಗಳಲ್ಲಿ ನೋಡೋಣ. ಕಾಗದ, ಪೆನ್ಸಿಲು ಹತ್ತಿರವಿರಲಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಲೇಖನದಲ್ಲಿ ಕೆಟಗರಿಗೆ 'ವರ್ಗ' ಎಂಬ ಅನುವಾದವನ್ನು ಬಳಸುವುದಿಲ್ಲ. ವರ್ಗಮೂಲ, ವರ್ಗಸಮೀಕರಣಗಳ ನಡುವೆ ಅದಕ್ಕೆ ಜಾಗವಿಲ್ಲ. 'ಫೀಲ್ಡ್' ಎಂಬುದನ್ನೂ ಹಾಗೆಯೇ ಬಿಡುತ್ತೇನೆ. ಪುಣ್ಯಕ್ಷೇತ್ರ, ವಿಧಾನಸಭಾ ಕ್ಷೇತ್ರಗಳ ಜೊತೆಗೆ ಅದೂ ಒಂದು ಕ್ಷೇತ್ರವಾಗುವುದು ಬೇಡ.

ಬಾಣಗಳ ಗಣಿತ

ಕೆಟಗರಿ ಸಿದ್ಧಾಂತ 1945ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಬಂಧದಿಂದ ಆರಂಭವಾಯಿತು. ಬರೆದವರು ಸ್ಯಾಮ್ಯುಯೆಲ್ ಐಲೆನ್‌ಬರ್ಗ್ ಮತ್ತು ಸಾಂಡರ್ಸ್ ಮ್ಯಾಕ್ ಲೇನ್. ತಮ್ಮ ಪದಗಳು ಎಲ್ಲಿಂದ ಬಂದವೆಂಬುದನ್ನು ಮ್ಯಾಕ್ ಲೇನ್ ಮುಂದೆ 1971ರ ತಮ್ಮ ಪುಸ್ತಕದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ: ಅವು ತತ್ತ್ವಶಾಸ್ತ್ರಜ್ಞರಿಂದ ಎಗರಿಸಿಕೊಂಡು ಬಂದ ಪದಗಳು. 'ಕೆಟಗರಿ' ಅರಿಸ್ಟಾಟಲ್ ಮತ್ತು ಕಾಂಟ್ ಅವರಿಂದ ಬಂತು. 'ಫಂಕ್ಟರ್' ರುಡಾಲ್ಫ್ ಕಾರ್ನಾಪ್ ಅವರಿಂದ ಬಂತು. ಅರಿಸ್ಟಾಟಲನ ಕೆಟಗರಿಗಳು ಹತ್ತು. ಇರುವ ಎಲ್ಲದರ ಬಗ್ಗೆ ಏನೇನು ಹೇಳಲು ಸಾಧ್ಯ ಎಂಬುದರ ವಿಂಗಡಣೆ ಅದು. ನಮ್ಮ ವೈಶೇಷಿಕರು ದ್ರವ್ಯ, ಗುಣ, ಕರ್ಮ ಎಂದು ಪದಾರ್ಥಗಳನ್ನು ಎಣಿಸಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಆದರೆ ಗಣಿತಜ್ಞರು ಪದವನ್ನು ಮಾತ್ರ ತೆಗೆದುಕೊಂಡರು, ಅರ್ಥವನ್ನು ಅಲ್ಲಿಯೇ ಬಿಟ್ಟರು.

ಅವರು ಕೊಟ್ಟ ಅರ್ಥ ಇದು. ಒಂದು ಕೆಟಗರಿಯಲ್ಲಿ ಎರಡು ಬಗೆಯ ಸಂಗತಿಗಳಿರುತ್ತವೆ: ವಸ್ತುಗಳು, ಮತ್ತು ಒಂದು ವಸ್ತುವಿನಿಂದ ಇನ್ನೊಂದಕ್ಕೆ ಹೋಗುವ ಬಾಣಗಳು. ಮೊದಲನೆಯದರಿಂದ ಎರಡನೆಯದಕ್ಕೆ ಒಂದು ಬಾಣ, ಎರಡನೆಯದರಿಂದ ಮೂರನೆಯದಕ್ಕೆ ಒಂದು ಬಾಣ ಇದ್ದರೆ ಎರಡನ್ನೂ ಜೋಡಿಸಿದ ಬಾಣವೂ ಇರಬೇಕು. ಮೂರು ಬಾಣಗಳನ್ನು ಸಾಲಾಗಿ ಜೋಡಿಸುವಾಗ ಮೊದಲೆರಡನ್ನು ಮುಂಚೆ ಜೋಡಿಸಿದರೂ ಕೊನೆಯೆರಡನ್ನು ಮುಂಚೆ ಜೋಡಿಸಿದರೂ ಫಲ ಒಂದೇ ಆಗಬೇಕು. ನೀವು ಕಲಿತ ಸಹವರ್ತನೀಯ ನಿಯಮವೇ ಇದು. ಪ್ರತಿ ವಸ್ತುವಿಗೂ ತನ್ನಿಂದ ತನಗೇ ಬರುವ, ಏನನ್ನೂ ಬದಲಿಸದ ಒಂದು ಅನನ್ಯತಾ ಬಾಣವಿರಬೇಕು. ಇಷ್ಟೇ. ವಸ್ತುವಿನ ಒಳಗೆ ಏನಿದೆ ಎಂದು ಈ ವ್ಯಾಖ್ಯೆ ಕೇಳುವುದೇ ಇಲ್ಲ.

ಉದಾಹರಣೆಗೆ 1, 2, 3, 4 ಎಂಬ ಸ್ವಾಭಾವಿಕ ಸಂಖ್ಯೆಗಳನ್ನೇ ವಸ್ತುಗಳೆಂದು ತಿಳಿಯಿರಿ. ಒಂದು ಸಂಖ್ಯೆ ಇನ್ನೊಂದನ್ನು ನಿಶ್ಶೇಷವಾಗಿ ಭಾಗಿಸಿದರೆ ಮೊದಲನೆಯದರಿಂದ ಎರಡನೆಯದಕ್ಕೆ ಒಂದು ಬಾಣ ಎಳೆಯಿರಿ. 2ರಿಂದ 6ಕ್ಕೆ ಬಾಣವಿದೆ, 6ರಿಂದ 12ಕ್ಕೆ ಇದೆ. ಆದ್ದರಿಂದ 2ರಿಂದ 12ಕ್ಕೂ ಇದೆ. ಪ್ರತಿ ಸಂಖ್ಯೆಯೂ ತನ್ನನ್ನು ತಾನು ಭಾಗಿಸುತ್ತದೆ. ಎಲ್ಲ ನಿಯಮಗಳೂ ಸರಿಹೋದವು, ಇದೊಂದು ಕೆಟಗರಿ.

ಈಗ 12 ಮತ್ತು 18ನ್ನು ನೋಡಿ. ಇವೆರಡಕ್ಕೂ ಬಾಣ ಬಿಡಬಲ್ಲ ಸಂಖ್ಯೆಗಳು 1, 2, 3 ಮತ್ತು 6. ಇವುಗಳಲ್ಲಿ 6ಕ್ಕೆ ಒಂದು ವಿಶೇಷವಿದೆ: 1, 2, 3 ಈ ಮೂರರಿಂದಲೂ 6ಕ್ಕೆ ಬಾಣವಿದೆ. ಎರಡಕ್ಕೂ ಹೋಗಬೇಕಾದವರೆಲ್ಲ 6ರ ಮನೆಯ ಮೂಲಕವೇ ಹೋಗಬಹುದು. ಇಂಥ ವಸ್ತುವಿಗೆ ಕೆಟಗರಿ ಸಿದ್ಧಾಂತದಲ್ಲಿ 'ಗುಣಲಬ್ಧ' ಎಂದೇ ಹೆಸರು! ಶಾಲೆಯಲ್ಲಿ 12 ಮತ್ತು 18ರ ಗುಣಲಬ್ಧ 216. ಈ ಕೆಟಗರಿಯಲ್ಲಿ ಅವುಗಳ ಗುಣಲಬ್ಧ 6, ಅಂದರೆ ನಿಮಗೆ ಚೆನ್ನಾಗಿ ಪರಿಚಯವಿರುವ ಮಹತ್ತಮ ಸಾಮಾನ್ಯ ಅಪವರ್ತನ, ಮ.ಸಾ.ಅ. ಎರಡೂ ಸರಿ. ಪ್ರಶ್ನೆ ಯಾವ ಕೆಟಗರಿಯಲ್ಲಿ ಕೇಳಿದ್ದು ಎಂಬುದನ್ನು ಅವಲಂಬಿಸಿ ಉತ್ತರ ಬದಲಾಯಿತು, ಅಷ್ಟೆ.

ತಂತ್ರಾಂಶದ ಕೆಟಗರಿ

ಈಗ ಗಣಕದ ಕಡೆಗೆ ಬನ್ನಿ. ಐಬಿಎಂ ಸಂಸ್ಥೆಯ ಸಂಶೋಧನಾಲಯದಲ್ಲಿ ರಿಚರ್ಡ್ ಜೆಂಕ್ಸ್ ಮತ್ತು ಅವರ ಸಹೋದ್ಯೋಗಿಗಳು ಸ್ಕ್ರ್ಯಾಚ್‌ಪ್ಯಾಡ್ ಎಂಬ ಬೀಜಗಣಿತದ ತಂತ್ರಾಂಶವನ್ನು ಬೆಳೆಸಿದರು. ಅದೇ 1990ರ ದಶಕದ ಆರಂಭದಲ್ಲಿ ಆಕ್ಸಿಯಮ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. 2001ರಲ್ಲಿ ಮಾರಾಟ ನಿಂತ ಮೇಲೆ ಮುಕ್ತ ತಂತ್ರಾಂಶವಾಯಿತು. ಅದರ ಒಂದು ಕವಲು ಫ್ರೈಕ್ಯಾಸ್ ಎಂಬ ಹೆಸರಿನಲ್ಲಿ ಈಗಲೂ ಬೆಳೆಯುತ್ತಿದೆ. ಕೆಟಗರಿ ಎಂಬ ಪದವನ್ನು ಗಣಿತ ತಂತ್ರಾಂಶದ ಕಟ್ಟಡಕ್ಕೇ ಅಡಿಗಲ್ಲಾಗಿ ಇಟ್ಟವರು ಇವರು.

ಆಕ್ಸಿಯಮ್‌ನಲ್ಲಿ ಮೂರು ಮಹಡಿಗಳಿವೆ. ಕೆಳಗಿನದು ಗಣಾಂಶ: 5, −3, ಕ್ಷ² + 1 ಇಂಥವು. ಅದರ ಮೇಲಿನದು ಡೊಮೈನ್: ಪೂರ್ಣಾಂಕಗಳು, ಭಾಗಲಬ್ಧ ಸಂಖ್ಯೆಗಳು, ಬಹುಪದೋಕ್ತಿಗಳು. ಮೇಲಿನ ಮಹಡಿಯಲ್ಲಿ ಕೆಟಗರಿ: ರಿಂಗ್, ಫೀಲ್ಡ್ ಮೊದಲಾದವು. ಸಂಕಲನ, ವ್ಯವಕಲನ, ಗುಣಾಕಾರಗಳು ನಿಯಮಬದ್ಧವಾಗಿ ನಡೆಯುವ ವ್ಯವಸ್ಥೆ ರಿಂಗ್. ಸೊನ್ನೆಯನ್ನು ಬಿಟ್ಟು ಉಳಿದ ಎಲ್ಲದರಿಂದ ಭಾಗಿಸಲೂ ಬಂದರೆ, ಗುಣಾಕಾರದಲ್ಲಿ ಪರಿವರ್ತನೀಯ ನಿಯಮವೂ ನಡೆದರೆ, ಅದು ಫೀಲ್ಡ್.

ಇದನ್ನು ಒಂದು ಶಾಲೆಯ ಮಾದರಿಯಲ್ಲಿ ಯೋಚಿಸಿ. ವಿದ್ಯಾರ್ಥಿ ಎಂದರೆ ಗಣಾಂಶ. ನಿಮ್ಮ ಪ್ರೌಢಶಾಲೆ ಎಂದರೆ ಡೊಮೈನ್. 'ಪ್ರೌಢಶಾಲೆ ಎನ್ನಿಸಿಕೊಳ್ಳಬೇಕಾದರೆ ಪ್ರಯೋಗಾಲಯವಿರಬೇಕು, ಗ್ರಂಥಾಲಯವಿರಬೇಕು, ಆಟದ ಬಯಲಿರಬೇಕು' ಎಂಬ ಮಾನ್ಯತೆಯ ನಿಯಮಪಟ್ಟಿ ಇರುತ್ತದಲ್ಲ, ಅದು ಕೆಟಗರಿ. ಪಟ್ಟಿಯಲ್ಲಿ ಯಾವ ಶಾಲೆಯ ಹೆಸರೂ ಇಲ್ಲ, ಯಾವ ವಿದ್ಯಾರ್ಥಿಯ ಹೆಸರೂ ಇಲ್ಲ. ಏನೇನು ಇರಬೇಕು ಎಂಬುದು ಮಾತ್ರ ಇದೆ. ಅದೇ ರೀತಿ 'ರಿಂಗ್' ಎಂಬ ಕೆಟಗರಿ ಒಂದು ಕರಾರುಪಟ್ಟಿ: ನನ್ನ ಹೆಸರು ಹೇಳಿಕೊಳ್ಳಬೇಕಾದರೆ ನಿನ್ನಲ್ಲಿ ಕೂಡುವ ಕ್ರಿಯೆ ಇರಬೇಕು, ಗುಣಿಸುವ ಕ್ರಿಯೆ ಇರಬೇಕು, ಸೊನ್ನೆ ಮತ್ತು ಒಂದು ಇರಬೇಕು.

ಎರಡು ಅರ್ಥಗಳ ನಡುವಿನ ದೂರ ಈಗ ಕಾಣುತ್ತದೆ. ಸಿದ್ಧಾಂತದ ಕೆಟಗರಿ ವಸ್ತುಗಳ ಹೊರಗೆ ನಿಂತು ಬಾಣಗಳನ್ನು ನೋಡುತ್ತದೆ. ತಂತ್ರಾಂಶದ ಕೆಟಗರಿ ಡೊಮೈನಿನ ಒಳಗೆ ಏನೇನು ಕ್ರಿಯೆಗಳಿವೆ ಎಂದು ಪಟ್ಟಿ ಮಾಡುತ್ತದೆ. ಸಂಬಂಧವೇ ಇಲ್ಲವೆಂದಲ್ಲ. ಎಲ್ಲ ರಿಂಗುಗಳನ್ನು ವಸ್ತುಗಳಾಗಿ, ಕೂಡಿಸುವುದನ್ನೂ ಗುಣಿಸುವುದನ್ನೂ ಕೆಡಿಸದ ಚಿತ್ರಣಗಳನ್ನು ಬಾಣಗಳಾಗಿ ಇಟ್ಟುಕೊಂಡರೆ ಸಿದ್ಧಾಂತದ ಅರ್ಥದಲ್ಲೂ ಒಂದು ಕೆಟಗರಿ ದೊರೆಯುತ್ತದೆ. ಆದರೆ ಆಕ್ಸಿಯಮ್‌ನ ಕರಾರುಪಟ್ಟಿಯಲ್ಲಿ ಆ ಬಾಣಗಳ ಸುದ್ದಿಯಿಲ್ಲ.

ಬಾಣಗಳನ್ನು ಬಿಟ್ಟರೆ ಏನು ಹೋಗುತ್ತದೆ ಎಂದು ಕೇಳುತ್ತೀರಾ? ಪೂರ್ಣಾಂಕಗಳ ಮೇಲೆ 'ಎರಡರಷ್ಟು ಮಾಡು' ಎಂಬ ಚಿತ್ರಣವನ್ನು ತೆಗೆದುಕೊಳ್ಳಿ. 3 + 4 = 7ರ ಎರಡರಷ್ಟು 14; ಬೇರೆಬೇರೆಯಾಗಿ ಮಾಡಿದರೂ 6 + 8 = 14. ಸಂಕಲನ ಕೆಡಲಿಲ್ಲ. ಆದರೆ 3 × 4 = 12ರ ಎರಡರಷ್ಟು 24; ಬೇರೆಬೇರೆ ಮಾಡಿ ಗುಣಿಸಿದರೆ 6 × 8 = 48. ಗುಣಾಕಾರ ಕೆಟ್ಟಿತು. ಸಂಕಲನವನ್ನಷ್ಟೇ ಲೆಕ್ಕಕ್ಕೆ ಹಿಡಿಯುವ ಕೆಟಗರಿಯಲ್ಲಿ ಇದು ನ್ಯಾಯವಾದ ಬಾಣ. ರಿಂಗುಗಳ ಕೆಟಗರಿಯಲ್ಲಿ ಇದು ಬಾಣವೇ ಅಲ್ಲ. ವಸ್ತು ಅದೇ ಪೂರ್ಣಾಂಕಗಳ ಗಣವಾದರೂ ಯಾವ ಕೆಟಗರಿಯ ವಸ್ತುವಾಗಿ ನೋಡುತ್ತಿದ್ದೀರಿ ಎಂಬುದರ ಮೇಲೆ ಬಾಣಗಳು ಬದಲಾಗುತ್ತವೆ. ಅಮೆರಿಕದ ವಿಲಿಯಂ ಸ್ಟೈನ್ 2005ರಲ್ಲಿ ಆರಂಭಿಸಿದ ಸೇಜ್ ತಂತ್ರಾಂಶ ಈ ವಿಷಯದಲ್ಲಿ ಸಿದ್ಧಾಂತಕ್ಕೆ ಹೆಚ್ಚು ಹತ್ತಿರ. ಅದರ ಕೆಟಗರಿಗಳು ಡೊಮೈನಿಗೆ, ಗಣಾಂಶಕ್ಕೆ, ಬಾಣಕ್ಕೆ ಮೂರಕ್ಕೂ ಪ್ರತ್ಯೇಕ ಜಾಗ ಇಟ್ಟಿವೆ.

ಉಳಿದವರನ್ನು ಬೇಗ ನೋಡಿಬಿಡೋಣ. ಆಸ್ಟ್ರೇಲಿಯದ ಸಿಡ್ನಿ ವಿಶ್ವವಿದ್ಯಾನಿಲಯದಲ್ಲಿ ಜಾನ್ ಕ್ಯಾನನ್ ಅವರ ತಂಡ 1993ರಲ್ಲಿ ಹೊರತಂದ ಮ್ಯಾಗ್ಮಾದಲ್ಲಿ 'ಕೆಟಗರಿ ಏನು?' ಎಂದು ಕೇಳುವುದೂ 'ಟೈಪ್ ಏನು?' ಎಂದು ಕೇಳುವುದೂ ಒಂದೇ. 5ನ್ನು ಕೊಟ್ಟು ಕೇಳಿದರೆ 'ಪೂರ್ಣಾಂಕಗಳ ರಿಂಗಿನ ಗಣಾಂಶ' ಎಂಬ ಅರ್ಥದ ಒಂದು ಸಂಕ್ಷೇಪಾಕ್ಷರ ಸಿಗುತ್ತದೆ. ಇಲ್ಲಿ ಕೆಟಗರಿ ಎಂದರೆ ವಸ್ತುವಿಗೆ ಅಂಟಿಸಿದ ಚೀಟಿ. ಜರ್ಮನಿಯ ಆಖೆನ್‌ನಲ್ಲಿ 1986ರಲ್ಲಿ ಆರಂಭವಾದ ಗ್ಯಾಪ್‌ನ ಕ್ರಮ ನನಗೆ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ. ಅದರಲ್ಲಿ ಯಾವ ಕ್ರಿಯೆಗಳು ಲಭ್ಯ ಎಂಬುದು ಕೆಟಗರಿ. ಆ ಕ್ರಿಯೆಗಳು ಯಾವ ನಿಯಮವನ್ನು ಪಾಲಿಸುತ್ತವೆ ಎಂಬುದು ಗುಣ. 'ಗುಣಿಸಲು ಬರುತ್ತದೆ, ವಿಲೋಮವಿದೆ' ಎಂಬುದು ಕೆಟಗರಿ. 'ಸಹವರ್ತನೀಯ ನಿಯಮ ನಡೆಯುತ್ತದೆ' ಎಂಬುದು ಗುಣ. ಎರಡೂ ಸೇರಿದರೆ ಗ್ರೂಪ್. ಕೆಟಗರಿ ಹುಟ್ಟಿನಿಂದ ಬರುತ್ತದೆ, ಮುಂದೆ ಬದಲಾಗುವುದಿಲ್ಲ. ಗುಣವನ್ನು ಆಮೇಲೆ ಪರೀಕ್ಷಿಸಿ ತಿಳಿಯಬಹುದು.

ಎರಡರ ತವರು

ಸೇಜ್ ಮತ್ತು ಮ್ಯಾಗ್ಮಾಗಳಲ್ಲಿ 'ಪೇರೆಂಟ್' ಎಂಬ ಇನ್ನೊಂದು ಪದ ಬರುತ್ತದೆ. ತಂದೆತಾಯಿ ಎಂದು ಅನುವಾದಿಸಿದರೆ ಕೆಟ್ಟಿತು. ಒಂದು ಗಣಾಂಶ ಯಾವ ರಚನೆಗೆ ಸೇರಿದ್ದು ಎಂಬುದು ಅದರ ಪೇರೆಂಟ್. ಆಕ್ಸಿಯಮ್ ಡೊಮೈನ್ ಎಂದದ್ದೂ ಸುಮಾರಾಗಿ ಇದನ್ನೇ. ಕನ್ನಡದಲ್ಲಿ ಇದಕ್ಕೆ 'ತವರು' ಎಂಬ ಪದ ಚೆನ್ನಾಗಿ ಒಪ್ಪುತ್ತದೆ.

ತವರು ಏಕೆ ಬೇಕು? 2 ಎಂಬ ಸಂಖ್ಯೆಗೆ ಗುಣಾಕಾರದ ವಿಲೋಮವಿದೆಯೇ ಎಂದು ಕೇಳಿ. 2ರ ತವರು ಪೂರ್ಣಾಂಕಗಳಾದರೆ ಉತ್ತರ 'ಇಲ್ಲ', ಏಕೆಂದರೆ ½ ಪೂರ್ಣಾಂಕವಲ್ಲ. ತವರು ಭಾಗಲಬ್ಧ ಸಂಖ್ಯೆಗಳಾದರೆ ಉತ್ತರ 'ಇದೆ'. ಪರದೆಯ ಮೇಲೆ ಎರಡೂ ಒಂದೇ ರೀತಿ 2 ಎಂದು ಕಾಣುತ್ತವೆ. ಸೇಜ್‌ನಲ್ಲಿ 6ನ್ನು 3ರಿಂದ ಭಾಗಿಸಿದರೆ 2 ಬರುತ್ತದೆ. ಆದರೆ ಆ 2ರ ತವರು ಭಾಗಲಬ್ಧ ಸಂಖ್ಯೆಗಳ ಫೀಲ್ಡ್. ಆಕ್ಸಿಯಮ್ ಇನ್ನೂ ಒಳ್ಳೆಯದು: ಉತ್ತರದ ಕೆಳಗೇ ಅದು ಯಾವ ಡೊಮೈನಿನದು ಎಂದು ಪ್ರತಿಸಲವೂ ಮುದ್ರಿಸುತ್ತದೆ.

ಕ್ಷ² + 1 ಎಂಬುದನ್ನು ಅಪವರ್ತಿಸಿ ಎಂದರೆ? ಭಾಗಲಬ್ಧ ಸಂಖ್ಯೆಗಳ ಮೇಲೆ ಅದು ಒಡೆಯುವುದಿಲ್ಲ. ಸಮ್ಮಿಶ್ರ ಸಂಖ್ಯೆಗಳ ಮೇಲೆ ಒಡೆಯುತ್ತದೆ. 0 ಮತ್ತು 1 ಎರಡೇ ಸಂಖ್ಯೆಗಳಿದ್ದು 1 + 1 = 0 ಆಗುವ ಪುಟ್ಟ ಫೀಲ್ಡಿನ ಮೇಲೆ ಅದು (ಕ್ಷ + 1)² ಆಗಿಬಿಡುತ್ತದೆ. ಬಿಡಿಸಿ ನೋಡಿ: ಕ್ಷ² + 2ಕ್ಷ + 1ರಲ್ಲಿ ನಡುವಿನ 2 ಸೊನ್ನೆಯಾಗುತ್ತದೆ.

'ವಸ್ತು' ಎಂಬ ಪದಕ್ಕೂ ಇಲ್ಲೊಂದು ತೊಡಕಿದೆ. ಸೇಜ್ ಬಳಸುವುದು ಪೈಥಾನ್ ಭಾಷೆಯನ್ನು. ಪೈಥಾನ್‌ನಲ್ಲಿ 5 ಒಂದು ಆಬ್ಜೆಕ್ಟ್, ಪೂರ್ಣಾಂಕಗಳ ರಿಂಗ್ ಒಂದು ಆಬ್ಜೆಕ್ಟ್, ರಿಂಗುಗಳ ಕೆಟಗರಿಯೂ ಒಂದು ಆಬ್ಜೆಕ್ಟ್. ಸ್ಮೃತಿಯಲ್ಲಿ ಜಾಗ ಹಿಡಿದು ಕೂತದ್ದೆಲ್ಲ ಅಲ್ಲಿ ಆಬ್ಜೆಕ್ಟೇ. ಆದರೆ ರಿಂಗುಗಳ ಕೆಟಗರಿಯಲ್ಲಿ ವಸ್ತು ಎನಿಸಿಕೊಳ್ಳುವುದು ಪೂರ್ಣಾಂಕಗಳ ರಿಂಗ್ ಮಾತ್ರ, 5 ಅಲ್ಲ. ಕೈಪಿಡಿಯಲ್ಲಿ ಆಬ್ಜೆಕ್ಟ್ ಎಂಬ ಪದ ಕಂಡಾಗ ಮಾತನಾಡುತ್ತಿರುವುದು ಗಣಿತಜ್ಞನೋ ಪ್ರೋಗ್ರಾಮರನೋ ಎಂದು ನೋಡಿಕೊಳ್ಳಿ.

ಕರಾರು ಕೊಟ್ಟವರು, ಸಾಧಿಸಿ ತೋರಿಸಿದವರು

ಇಷ್ಟೆಲ್ಲ ಕರಾರುಪಟ್ಟಿಗಳಿಂದ ಲಾಭವೇನು ಎಂಬ ಪ್ರಶ್ನೆಗೆ ಯೂಕ್ಲಿಡ್ ಉತ್ತರ ಕೊಡುತ್ತಾನೆ. 48 ಮತ್ತು 18ರ ಮ.ಸಾ.ಅ. ಕಂಡುಹಿಡಿಯುವ ಅವನ ವಿಧಾನ ನಿಮಗೆ ಗೊತ್ತು. 48ನ್ನು 18ರಿಂದ ಭಾಗಿಸಿದರೆ ಶೇಷ 12. 18ನ್ನು 12ರಿಂದ ಭಾಗಿಸಿದರೆ ಶೇಷ 6. 12ನ್ನು 6ರಿಂದ ಭಾಗಿಸಿದರೆ ಶೇಷ ಸೊನ್ನೆ. ಉತ್ತರ 6. ಈಗ ಕ್ಷ³ − 1 ಮತ್ತು ಕ್ಷ² − 1 ಎಂಬ ಬಹುಪದೋಕ್ತಿಗಳನ್ನು ಅದೇ ರೀತಿ ಭಾಗಿಸಿ. ಮೊದಲ ಶೇಷ ಕ್ಷ − 1. ಎರಡನೆಯ ಸಲ ಶೇಷ ಸೊನ್ನೆ. ಉತ್ತರ ಕ್ಷ − 1. ವಿಧಾನದಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ಹಾಗಾದರೆ ಪೂರ್ಣಾಂಕಗಳಿಗೊಂದು, ಬಹುಪದೋಕ್ತಿಗಳಿಗೊಂದು ಎಂದು ಎರಡು ಕ್ರಮವಿಧಿ ಬರೆಯುವುದೇಕೆ? 'ಯೂಕ್ಲಿಡಿಯನ್ ಡೊಮೈನ್' ಎಂಬ ಕೆಟಗರಿಗೆ ಒಮ್ಮೆ ಬರೆದಿಟ್ಟರೆ ಆಯಿತು. ಆ ಮಾನ್ಯತೆ ಪಡೆದವರೆಲ್ಲ ಅದನ್ನೇ ಬಳಸುತ್ತಾರೆ.

ಆದರೆ ಮಾನ್ಯತೆ ಯಾರಿಗೆ? ಬಹುಪದೋಕ್ತಿಗಳ ಗುಣಕಗಳು ಪೂರ್ಣಾಂಕಗಳಾದರೆ ಈ ವಿಧಾನ ನಡೆಯುವುದಿಲ್ಲ; ಕ್ಷ²ವನ್ನು 2ಕ್ಷದಿಂದ ಭಾಗಿಸಲು ½ ಬೇಕಾಗುತ್ತದೆ. ಗುಣಕಗಳು ಫೀಲ್ಡಿನಿಂದ ಬಂದರೆ ಮಾತ್ರ ನಡೆಯುತ್ತದೆ. ಆಕ್ಸಿಯಮ್‌ನಲ್ಲಿ ಇದನ್ನು ಹಾಗೆಯೇ ಬರೆದಿದ್ದಾರೆ: ಗುಣಕಗಳು ಫೀಲ್ಡ್ ಆಗಿದ್ದರೆ, ಈ ಬಹುಪದೋಕ್ತಿಗಳು ಯೂಕ್ಲಿಡಿಯನ್ ಡೊಮೈನ್. ಗಣಿತದ ಪ್ರಮೇಯವೊಂದು ತಂತ್ರಾಂಶದ ಒಂದು ಸಾಲಾಗಿ ಕುಳಿತಿರುವುದನ್ನು ಕಂಡರೆ ಸಂತೋಷವಾಗುತ್ತದೆ.

ಅಪಾಯವಿರುವುದೂ ಇಲ್ಲಿಯೇ. ಗಣಕದ ದಶಮಾಂಶ ಸಂಖ್ಯೆಗಳನ್ನು ನೋಡಿ. ಆಕ್ಸಿಯಮ್ ಮತ್ತು ಸೇಜ್ ಎರಡೂ ಅವುಗಳನ್ನು 'ಫೀಲ್ಡ್' ಎಂಬ ಕೆಟಗರಿಯಲ್ಲಿ ಸೇರಿಸಿವೆ. ಫೀಲ್ಡಿನಲ್ಲಿ ಸಂಕಲನ ಸಹವರ್ತನೀಯವಾಗಿರಬೇಕು. ಆದರೆ ಸಾಮಾನ್ಯವಾಗಿ ಬಳಸುವ 64 ಬಿಟ್‌ಗಳ ದಶಮಾಂಶಗಳಲ್ಲಿ (0.1 + 0.2) + 0.3 ಮಾಡಿದರೆ 0.6000000000000001 ಬರುತ್ತದೆ, 0.1 + (0.2 + 0.3) ಮಾಡಿದರೆ 0.6 ಬರುತ್ತದೆ. 0.1, 0.2, 0.3 ಇವು ದ್ವಿಮಾನ ಪದ್ಧತಿಯಲ್ಲಿ ಮುಗಿಯದ ಭಿನ್ನರಾಶಿಗಳು. ಗಣಕ ಅವುಗಳ ಬಾಲ ಕತ್ತರಿಸಿ ಇಟ್ಟುಕೊಳ್ಳುತ್ತದೆ. ಹೀಗಾಗಿ ಗಣಕದ ದಶಮಾಂಶಗಳು ನಿಜವಾದ ಅರ್ಥದಲ್ಲಿ ಫೀಲ್ಡ್ ಅಲ್ಲ. ನಮ್ಮ ಶಾಲೆಯ ಹೋಲಿಕೆಯಲ್ಲಿ ಹೇಳುವುದಾದರೆ, ಮಾನ್ಯತೆ ಕೊಡುವ ಮುನ್ನ ಯಾವ ಇನ್‌ಸ್ಪೆಕ್ಟರೂ ಬಂದು ನೋಡಲಿಲ್ಲ. 'ನಮ್ಮಲ್ಲಿ ಎಲ್ಲವೂ ಇದೆ' ಎಂಬ ಸ್ವಯಂಘೋಷಣೆಯನ್ನೇ ಒಪ್ಪಿಕೊಂಡರು.

ಅದರಿಂದ ಏನಾಗುತ್ತದೆ ಎಂಬುದಕ್ಕೆ ಚಿಕ್ಕ ಲೆಕ್ಕ. ಕ್ಷ − 0.3 ಒಂದು ಬಹುಪದೋಕ್ತಿ, ಕ್ಷ − (0.1 + 0.2) ಇನ್ನೊಂದು. ಕಾಗದದ ಮೇಲೆ ಎರಡೂ ಒಂದೇ, ಆದ್ದರಿಂದ ಮ.ಸಾ.ಅ. ಕ್ಷ − 0.3. ಗಣಕದಲ್ಲಿ ಒಂದನ್ನು ಇನ್ನೊಂದರಿಂದ ಭಾಗಿಸಿದಾಗ ಶೇಷ ಸೊನ್ನೆಯಾಗದೆ ಸುಮಾರು 5.55 × 10⁻¹⁷ರಷ್ಟು ಉಳಿಯುತ್ತದೆ. ಯೂಕ್ಲಿಡನ ವಿಧಾನಕ್ಕೆ ಅದು ಸೊನ್ನೆಯಲ್ಲ. ಅದು ಇನ್ನೊಂದು ಹೆಜ್ಜೆ ಮುಂದೆ ಹೋಗಿ 'ಇವೆರಡಕ್ಕೂ ಸಾಮಾನ್ಯ ಅಪವರ್ತನವೇ ಇಲ್ಲ' ಎಂದು ತೀರ್ಪು ಕೊಡುತ್ತದೆ. ಕ್ರಮವಿಧಿಯಲ್ಲಿ ದೋಷವಿಲ್ಲ. ಕರಾರನ್ನು ನಂಬಿ ಅದು ಕೆಲಸ ಮಾಡಿತು, ಕರಾರೇ ಪೊಳ್ಳಾಗಿತ್ತು. ಹಾಗೆಂದು ತಂತ್ರಾಂಶ ಬರೆದವರಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ದಶಮಾಂಶಗಳನ್ನು ಫೀಲ್ಡ್ ಎನ್ನದಿದ್ದರೆ ಮಾತೃಕೆ, ಸಮೀಕರಣಗಳ ಸಾವಿರಾರು ವಿಧಾನಗಳು ಅವುಗಳಿಗೆ ದಕ್ಕುತ್ತಲೇ ಇರಲಿಲ್ಲ. ಅನುಕೂಲಕ್ಕಾಗಿ ತಿಳಿದೂ ಮಾಡಿಕೊಂಡ ಒಪ್ಪಂದವಿದು. ತಿಳಿಯದೆ ಇರುವುದು ಬಳಸುವವನಿಗೆ.

ಇನ್‌ಸ್ಪೆಕ್ಟರು ಖಂಡಿತ ಬರುವ ಊರೂ ಒಂದಿದೆ. ಲಿಯೊನಾರ್ಡೊ ಡಿ ಮೌರಾ 2013ರಲ್ಲಿ ಆರಂಭಿಸಿದ ಲೀನ್ ಎಂಬ ವ್ಯವಸ್ಥೆಯಲ್ಲಿ, ಅದರ ಗಣಿತ ಗ್ರಂಥಾಲಯವಾದ ಮ್ಯಾಥ್‌ಲಿಬ್‌ನಲ್ಲಿ, ಒಂದು ರಚನೆಯನ್ನು ಫೀಲ್ಡ್ ಎಂದು ಕರೆಯಬೇಕಾದರೆ ಪ್ರತಿಯೊಂದು ನಿಯಮಕ್ಕೂ ಸಾಧನೆ ಒದಗಿಸಬೇಕು. ಸಾಧನೆಯ ಪ್ರತಿ ಹೆಜ್ಜೆಯನ್ನೂ ಗಣಕ ಪರಿಶೀಲಿಸುತ್ತದೆ. ಅಲ್ಲಿ ವಾಸ್ತವ ಸಂಖ್ಯೆಗಳು ಫೀಲ್ಡ್. ಗಣಕದ ದಶಮಾಂಶಗಳಿಗೆ ಆ ಮಾನ್ಯತೆ ಇಲ್ಲ. ಐಲೆನ್‌ಬರ್ಗ್ ಮತ್ತು ಮ್ಯಾಕ್ ಲೇನ್ ಹೇಳಿದ ಕೆಟಗರಿಯೂ ಅಲ್ಲಿ ಅದೇ ಅರ್ಥದಲ್ಲಿದೆ: ವಸ್ತು, ಬಾಣ, ಜೋಡಣೆ, ಅನನ್ಯತೆ, ಸಹವರ್ತನೀಯ ನಿಯಮ, ಎಲ್ಲವೂ ಸಾಧನೆ ಸಹಿತ.

ಫಂಕ್ಟರ್ ಎಂಬ ಬಹುರೂಪಿ

ಫಂಕ್ಟರ್‌ನ ಕಥೆ ಕೆಟಗರಿಯದಕ್ಕಿಂತ ಸೋಜಿಗದ್ದು. ಕಾರ್ನಾಪ್ 1934ರಲ್ಲಿ ಭಾಷೆಯ ತಾರ್ಕಿಕ ರಚನೆಯನ್ನು ಕುರಿತ ಪುಸ್ತಕದಲ್ಲಿ ಇದನ್ನು ಒಂದು ಬಗೆಯ ಭಾಷಾ ಚಿಹ್ನೆಗೆ ಬಳಸಿದ್ದರು. ಗಣಿತಜ್ಞರು ತೆಗೆದುಕೊಂಡು ಒಂದು ಕೆಟಗರಿಯಿಂದ ಇನ್ನೊಂದಕ್ಕೆ ಹೋಗುವ ಸಂಕ್ರಮಣಕ್ಕೆ ಇಟ್ಟರು: ವಸ್ತುವನ್ನು ವಸ್ತುವಿಗೆ, ಬಾಣವನ್ನು ಬಾಣಕ್ಕೆ ಕಳಿಸಬೇಕು, ಜೋಡಣೆಯನ್ನು ಕೆಡಿಸಬಾರದು. ಪ್ರೊಲಾಗ್ ಭಾಷೆಯಲ್ಲಿ ಫಂಕ್ಟರ್ ಎಂದರೆ ಒಂದು ಪದರಚನೆಯ ಹೆಸರು ಮತ್ತು ಅದು ಹಿಡಿಯುವ ಘಟಕಗಳ ಸಂಖ್ಯೆ. ಇದು ಕಾರ್ನಾಪ್ ಅವರಿಗೇ ಹೆಚ್ಚು ಹತ್ತಿರ. ಸ್ಟ್ಯಾಂಡರ್ಡ್ ಎಂ.ಎಲ್. ಭಾಷೆಯಲ್ಲಿ ಒಂದು ಮಾಡ್ಯೂಲನ್ನು ಪಡೆದು ಇನ್ನೊಂದನ್ನು ಕಟ್ಟಿಕೊಡುವುದು ಫಂಕ್ಟರ್. ಸಿ++ ಪ್ರೋಗ್ರಾಮರುಗಳ ಬಾಯಲ್ಲಿ ಕ್ರಿಯೆಯಂತೆ ಕರೆಯಬಹುದಾದ ಒಂದು ಆಬ್ಜೆಕ್ಟ್ ಫಂಕ್ಟರ್. ಕೆಟಗರಿ ಸಿದ್ಧಾಂತಕ್ಕೂ ಇದಕ್ಕೂ ಎಳ್ಳಷ್ಟೂ ನಂಟಿಲ್ಲ. ಹ್ಯಾಸ್ಕೆಲ್ ಭಾಷೆಯ ಫಂಕ್ಟರ್ ಮಾತ್ರ ಸಿದ್ಧಾಂತದ್ದನ್ನೇ ಹಿಂಬಾಲಿಸುತ್ತದೆ. ಆದರೆ ಅಲ್ಲಿಯೂ ನಿಯಮಗಳನ್ನು ಪಾಲಿಸುವ ಹೊಣೆ ಬರೆಯುವವನದು, ಕಂಪೈಲರ್ ಪರೀಕ್ಷಿಸುವುದಿಲ್ಲ.

ಸೇಜ್‌ನಲ್ಲಿ ಫಂಕ್ಟರ್ ನಿಜವಾಗಿ ಕೆಲಸ ಮಾಡುವ ಒಂದು ಜಾಗವಿದೆ. ½ ಎಂಬ ಭಾಗಲಬ್ಧ ಸಂಖ್ಯೆಯನ್ನೂ ಕ್ಷ + 3 ಎಂಬ ಪೂರ್ಣಾಂಕ ಗುಣಕಗಳ ಬಹುಪದೋಕ್ತಿಯನ್ನೂ ಕೂಡಿಸಿ ಎಂದು ಅದಕ್ಕೆ ಹೇಳಿ. ಎರಡರ ತವರು ಬೇರೆ. ½ ಬಹುಪದೋಕ್ತಿಗಳ ಮನೆಗೆ ಬರಲಾರದು, ಅಲ್ಲಿ ಪೂರ್ಣಾಂಕಗಳಿಗೆ ಮಾತ್ರ ಪ್ರವೇಶ. ಕ್ಷ + 3 ಭಾಗಲಬ್ಧಗಳ ಮನೆಗೆ ಹೋಗಲಾರದು, ಅಲ್ಲಿ ಕ್ಷ ಇಲ್ಲ. ಆಗ ಸೇಜ್ ಎರಡೂ ತವರುಗಳು ಹೇಗೆ ಕಟ್ಟಲ್ಪಟ್ಟವು ಎಂದು ನೋಡುತ್ತದೆ. ಎರಡರ ಬುಡದಲ್ಲೂ ಪೂರ್ಣಾಂಕಗಳಿವೆ. ಒಂದು ಕಡೆ 'ಭಿನ್ನರಾಶಿಗಳನ್ನು ಸೇರಿಸು' ಎಂಬ ಫಂಕ್ಟರ್, ಇನ್ನೊಂದು ಕಡೆ 'ಕ್ಷವನ್ನು ಸೇರಿಸು' ಎಂಬ ಫಂಕ್ಟರ್. ಎರಡನ್ನೂ ಅನ್ವಯಿಸಿದರೆ ಭಾಗಲಬ್ಧ ಗುಣಕಗಳ ಬಹುಪದೋಕ್ತಿಗಳು. ಉತ್ತರ ಕ್ಷ + 7⁄2 ಅಲ್ಲಿ ಹುಟ್ಟುತ್ತದೆ. ನೀವು ಕೇಳದಿದ್ದರೂ ಅದು ಹೊಸ ಮನೆಯೊಂದನ್ನು ಹುಡುಕಿಕೊಂಡಿತು.

ಈ ಏರ್ಪಾಡು ನಂಬಲರ್ಹವಾಗಬೇಕಾದರೆ ಒಂದು ಷರತ್ತಿದೆ. 3 ಎಂಬ ಪೂರ್ಣಾಂಕ ಹೊಸ ಮನೆಗೆ ಎರಡು ದಾರಿಗಳಲ್ಲಿ ಬರಬಹುದು: ಮೊದಲು ಭಾಗಲಬ್ಧವಾಗಿ, ಆಮೇಲೆ ಬಹುಪದೋಕ್ತಿಯಾಗಿ, ಇಲ್ಲವೇ ಮೊದಲು ಬಹುಪದೋಕ್ತಿಯಾಗಿ, ಆಮೇಲೆ ಗುಣಕವನ್ನು ಭಾಗಲಬ್ಧವಾಗಿಸಿ. ಎರಡು ದಾರಿಯಲ್ಲಿ ಬಂದರೂ ತಲುಪುವುದು ಒಂದೇ 3 ಆಗಿರಬೇಕು. ಸಿದ್ಧಾಂತದವರು ಇದನ್ನು ಬಾಣಗಳ ಚಿತ್ರ ಹೊಂದಿಕೊಳ್ಳುವುದು ಎನ್ನುತ್ತಾರೆ. ಹೊಂದದಿದ್ದರೆ, ಗಣಕ ಯಾವ ದಾರಿ ಹಿಡಿಯಿತು ಎಂಬುದನ್ನು ಅವಲಂಬಿಸಿ ಒಂದೇ ಲೆಕ್ಕಕ್ಕೆ ಎರಡು ಉತ್ತರ ಬಂದೀತು. ತಂತ್ರಾಂಶ ಬರೆಯುವವರಿಗೆ ಕೆಟಗರಿ ಸಿದ್ಧಾಂತ ಅಲಂಕಾರವಾಗಿ ಉಳಿಯದೆ ದಿನದ ಉಪಯೋಗಕ್ಕೆ ಬರುವುದು ಇಂಥ ಕಡೆ.

ಮಾಡಿ ನೋಡಿ

ಸೇಜ್, ಗ್ಯಾಪ್, ಫ್ರೈಕ್ಯಾಸ್, ಲೀನ್ ಇವೆಲ್ಲವೂ ಉಚಿತವಾಗಿ ಸಿಗುತ್ತವೆ. ಕಾಲೇಜಿನ ಗಣಕದಲ್ಲಿ ಹಾಕಿಕೊಳ್ಳಬಹುದು. ಗಣಕವಿಲ್ಲದಿದ್ದರೂ ಈ ಮೂರು ಪ್ರಶ್ನೆಗಳಿಗೆ ಪೆನ್ಸಿಲು ಸಾಕು.

1. ಭಾಗಾಕಾರದ ಬಾಣಗಳ ಕೆಟಗರಿಯಲ್ಲಿ 12 ಮತ್ತು 18ರ ಗುಣಲಬ್ಧ 6 ಎಂದು ಕಂಡೆವು. ಎಲ್ಲ ಬಾಣಗಳನ್ನೂ ಹಿಂದುಮುಂದಾಗಿ ತಿರುಗಿಸಿ ಅದೇ ಪ್ರಶ್ನೆ ಕೇಳಿದರೆ ಯಾವ ಸಂಖ್ಯೆ ಬರುತ್ತದೆ? ಶಾಲೆಯಲ್ಲಿ ಅದನ್ನು ಏನೆಂದು ಕರೆಯುತ್ತೀರಿ?

2. 'ಬೆಸವಾದರೆ 1, ಸಮವಾದರೆ 0' ಎಂಬ ಚಿತ್ರಣ ಪೂರ್ಣಾಂಕಗಳಿಂದ ಆ ಪುಟ್ಟ ಎರಡು ಸಂಖ್ಯೆಗಳ ಫೀಲ್ಡಿಗೆ ಹೋಗುತ್ತದೆ. ಅದು ಸಂಕಲನವನ್ನೂ ಗುಣಾಕಾರವನ್ನೂ ಉಳಿಸುತ್ತದೆಯೇ? ಉಳಿಸಿದರೆ, 3ಕ್ಷ² + 4ಕ್ಷ + 5ರ ಗುಣಕಗಳ ಮೇಲೆ ಅದನ್ನು ಅನ್ವಯಿಸಿದಾಗ ಸಿಗುವ ಬಹುಪದೋಕ್ತಿಯನ್ನು ಅಪವರ್ತಿಸಿ.

3. ನಿಮ್ಮ ಶಾಲೆಯ ಕ್ಯಾಲ್ಕುಲೇಟರಿನಲ್ಲಿ 1ನ್ನು 3ರಿಂದ ಭಾಗಿಸಿ, ಪರದೆಯ ಮೇಲೆ ಕಂಡ ಅಂಕಿಗಳನ್ನು ಅಳಿಸಿ, ಅವನ್ನೇ ಹೊಸದಾಗಿ ಒತ್ತಿ 3ರಿಂದ ಗುಣಿಸಿ. ಬಂದ ಉತ್ತರ 1 ಆಗಿದೆಯೇ? ಆ ಕ್ಯಾಲ್ಕುಲೇಟರಿಗೆ 'ಫೀಲ್ಡ್' ಎಂಬ ಮಾನ್ಯತೆ ಕೊಡುತ್ತೀರಾ?